ಸಂತೆಯ ಊರಿನಲ್ಲಿ ಸಂತೆಯವರಿಗೆ ಮನೆಯಿಲ್ಲ

ಕಂಪನಿಯ ಕೆಲಸದ ಮೇಲೆ ಪುಣೆಯಿಂದ ಇಂಗ್ಲೆಂಡಿಗೆ ಹೋಗಿ ಎರಡು ವರ್ಷ ಇದ್ದು ಬಂದವನಿಗೆ ಇಲ್ಲಿನ ಕನ್ನಡ ಸಂಘದ ಗೆಳೆಯರು ಕೇಳುವ ಮೊದಲ ಪ್ರಶ್ನೆ ಚಳಿಯದ್ದು, ಎರಡನೆಯದು ಮನೆ ಬಾಡಿಗೆಯದ್ದು. ‘ಲಂಡನ್ನಿನಲ್ಲಿ ಇರಲಿಲ್ಲ, ಹಿಚಿನ್ ಎಂಬ ಸಣ್ಣ ಊರಿನಲ್ಲಿದ್ದೆ’ ಎಂದರೆ, ‘ಹಾಗಾದರೆ ಅಗ್ಗವಾಗಿ ಸಿಕ್ಕಿರಬೇಕು ಬಿಡಿ’ ಎನ್ನುತ್ತಾರೆ. ಇಲ್ಲ. ಅಲ್ಲಿ ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಎರಡು ಮಲಗುವ ಕೋಣೆಯ, ಅಕ್ಕಪಕ್ಕದ ಗೋಡೆ ಅಂಟಿಕೊಂಡೇ ಇರುವ ಹಳೆಯ ಇಟ್ಟಿಗೆ ಮನೆಗೆ ನಾಲ್ಕು ಲಕ್ಷ ಪೌಂಡ್ ಆಸುಪಾಸಿನ ಬೆಲೆ ಇತ್ತು. ನಮ್ಮ ಲೆಕ್ಕದಲ್ಲಿ ನಾಲ್ಕು ಕೋಟಿ ರೂಪಾಯಿ ಮೀರುತ್ತದೆ. ಕಾರು ನಿಲ್ಲಿಸಲು ಜಾಗ ಇಲ್ಲ, ಹಿಂದೆ ಒಂದು ಚಾಪೆ ಹಾಸುವಷ್ಟು ಹಿತ್ತಿಲು. ರಾತ್ರಿ ಪಕ್ಕದ ಮನೆಯವರು ಮೆಟ್ಟಿಲು ಇಳಿದರೆ ನಮಗೆ ಕೇಳಿಸುತ್ತದೆ.

ಲಂಡನ್ನಿನ ಉತ್ತರಕ್ಕೆ ಹರ್ಟ್‌ಫರ್ಡ್‌ಶೈರ್ ಜಿಲ್ಲೆಯಲ್ಲಿರುವ ಹಿಚಿನ್ ಒಂದು ‘ಮಾರ್ಕೆಟ್ ಟೌನ್’. ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಡುಕಬೇಕಿಲ್ಲ, ಸಂತೆಯೂರು ಎಂದರೆ ಸಾಕು. ಸಂತೆಮರಹಳ್ಳಿ, ಸಂತೇಬೆನ್ನೂರುಗಳ ನಾಡಿನವರಿಗೆ ಊರೊಂದು ಸಂತೆಯಿಂದ ಹುಟ್ಟುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕೆ? ಇಂಗ್ಲೆಂಡಿನಲ್ಲಿ ಶತಮಾನಗಳ ಹಿಂದೆ ಸಂತೆ ಸೇರಿಸುವ ಹಕ್ಕನ್ನು ರಾಜನೇ ಕೊಡಬೇಕಿತ್ತು. ಸುತ್ತಲಿನ ಹಳ್ಳಿಗಳವರು ಧಾನ್ಯ, ಕುರಿ, ಉಣ್ಣೆ ತಂದು ಮಾರಿ, ಉಪ್ಪು ಕಬ್ಬಿಣ ಕೊಂಡು ಸಂಜೆಗೆ ಮನೆ ಸೇರುವಷ್ಟು ದೂರದಲ್ಲಿ ಇಂಥ ಊರುಗಳು ಬೆಳೆದವು. ಹಿಚಿನ್‌ನ ಹಳೆಯ ಸೇಂಟ್ ಮೇರಿ ಚರ್ಚಿನ ಮುಂದೆ ಹಿಝ್ ಎಂಬ ಪುಟ್ಟ ಹೊಳೆ ಹರಿಯುತ್ತದೆ. ಅದರ ಪಕ್ಕದಲ್ಲೇ ಇಂದಿಗೂ ವಾರಕ್ಕೆ ಕೆಲವು ದಿನ ಅಂಗಡಿಗಳು ತೆರೆಯುತ್ತವೆ. ಹಣ್ಣು, ತರಕಾರಿ, ಬಟ್ಟೆ, ಹಳೆಯ ಗ್ರಾಮಫೋನ್ ತಟ್ಟೆ, ಮೀನು. ನೋಡಲು ಚಂದ. ತೊಂದರೆ ಏನೆಂದರೆ, ಅಲ್ಲಿ ಅಂಗಡಿ ಹಾಕುವವರಲ್ಲಿ ಊರಿನಲ್ಲೇ ಮನೆ ಇರುವವರು ನನಗೆ ಹೆಚ್ಚು ಸಿಗಲಿಲ್ಲ.

ಊರಿಗೆ ರೈಲು ಬಂದದ್ದು 1850ರಲ್ಲಿ. ಈಗ ವೇಗದ ರೈಲು ಹಿಡಿದರೆ ಲಂಡನ್ನಿನ ಕಿಂಗ್ಸ್ ಕ್ರಾಸ್ ಅರ್ಧ ಗಂಟೆಯ ದಾರಿ. ಈ ಅರ್ಧ ಗಂಟೆಯೇ ಊರಿನ ನಿಜವಾದ ಸರಕು. ಮನೆ ಮಾರಾಟದ ಏಜೆಂಟರ ಗಾಜಿನ ಕಿಟಕಿಯಲ್ಲಿ ಅಂಟಿಸಿದ ಚೀಟಿಗಳನ್ನು ಓದುತ್ತಾ ನಿಲ್ಲುವುದು ನನ್ನ ಭಾನುವಾರದ ಚಟವಾಗಿತ್ತು. ಎಷ್ಟು ಕೋಣೆ ಎಂಬುದರ ಕೆಳಗೆ ನಿಲ್ದಾಣಕ್ಕೆ ಎಷ್ಟು ನಿಮಿಷದ ನಡಿಗೆ, ಅಲ್ಲಿಂದ ಲಂಡನ್ನಿಗೆ ಎಷ್ಟು ನಿಮಿಷ ಎಂದು ಬರೆದಿರುತ್ತಿತ್ತು. ಗಾರೆ, ಇಟ್ಟಿಗೆ, ಮರದ ಬೆಲೆ ಇಂಗ್ಲೆಂಡಿನ ಉತ್ತರ ಭಾಗದಲ್ಲೂ ಹೆಚ್ಚುಕಡಿಮೆ ಇಷ್ಟೇ. ಅಂಥದ್ದೇ ಮನೆ ಅಲ್ಲಿನ ಹಳೆಯ ಗಣಿ ಊರುಗಳಲ್ಲಿ ಇದರ ಮೂರನೇ ಒಂದು ಭಾಗಕ್ಕೂ ಸಿಗುತ್ತದೆ. ಉಳಿದದ್ದೆಲ್ಲ ನೆಲದ ಬೆಲೆ, ಅಂದರೆ ರೈಲಿನ ವೇಳಾಪಟ್ಟಿಯ ಬೆಲೆ. ಅದನ್ನು ಕೊಟ್ಟ ಮೇಲೂ ಟಿಕೆಟ್ ಬೇರೆ ಕೊಳ್ಳಬೇಕು: ಲಂಡನ್ನಿಗೆ ವರ್ಷದ ಪಾಸಿಗೆ ಐದು ಸಾವಿರ ಪೌಂಡ್ ಆಸುಪಾಸು. ಡೆಕ್ಕನ್ ಕ್ವೀನ್‌ನಲ್ಲಿ ಪಾಸ್ ಇಟ್ಟುಕೊಂಡು ಪುಣೆ–ಮುಂಬೈ ಓಡಾಡುವ ನಮ್ಮವರಿಗೆ ಈ ಮೊತ್ತ ಹೇಳಿದರೆ ತಮಾಷೆ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಲೆಕ್ಕ ಹಾಕಿ ನೋಡೋಣ, ಇದು ಲೆಕ್ಕದಲ್ಲೇ ಅರ್ಥವಾಗುವ ವಿಷಯ. ನಾಲ್ಕು ಲಕ್ಷದ ಮನೆಗೆ ಶೇಕಡ 10 ಕೈಯಿಂದ ಹಾಕಿದರೆ 40 ಸಾವಿರ ಪೌಂಡ್. ಉಳಿದ 3.6 ಲಕ್ಷಕ್ಕೆ ಸಾಲ. ಅಲ್ಲಿನ ಬ್ಯಾಂಕುಗಳು ಸಾಮಾನ್ಯವಾಗಿ ವಾರ್ಷಿಕ ಸಂಬಳದ ನಾಲ್ಕೂವರೆ ಪಟ್ಟಿನವರೆಗೆ ಸಾಲ ಕೊಡುತ್ತವೆ. ಅಂದರೆ ಮನೆಯ ಆದಾಯ ವರ್ಷಕ್ಕೆ 80 ಸಾವಿರ ಪೌಂಡ್ ಇರಬೇಕು. 2024ರಲ್ಲಿ ಬ್ರಿಟನ್ನಿನಲ್ಲಿ ಪೂರ್ಣಾವಧಿ ನೌಕರನ ಮಧ್ಯಮ ಸಂಬಳ ಸುಮಾರು 37 ಸಾವಿರ. ಗಂಡ ಹೆಂಡತಿ ಇಬ್ಬರೂ ಪೂರ್ತಿ ದುಡಿದರೂ ಮುಟ್ಟುವುದಿಲ್ಲ. ಮೂವತ್ತು ವರ್ಷದ ಸಾಲಕ್ಕೆ ಬಡ್ಡಿ ಶೇಕಡ 2 ಇದ್ದರೆ ತಿಂಗಳ ಕಂತು ಸುಮಾರು 1,330 ಪೌಂಡ್. ಶೇಕಡ 5 ಆದರೆ ಅದೇ ಸಾಲಕ್ಕೆ 1,930. ಇದು ಕಾಗದದ ಮೇಲಿನ ಊಹೆಯಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡಿನ ದರ 2020ರ ಮಾರ್ಚಿನಲ್ಲಿ ಶೇಕಡ 0.1ಕ್ಕೆ ಇಳಿದಿತ್ತು, 2023ರ ಆಗಸ್ಟ್ ಹೊತ್ತಿಗೆ 5.25ಕ್ಕೆ ಏರಿತು. ಅಲ್ಲಿ ಬಡ್ಡಿಯನ್ನು ಎರಡು ಅಥವಾ ಐದು ವರ್ಷಕ್ಕೆ ನಿಗದಿ ಮಾಡಿಕೊಳ್ಳುವುದು ರೂಢಿ. ಆ ಅವಧಿ ಮುಗಿಯುವ ತಿಂಗಳು ಹತ್ತಿರವಾದಂತೆ ನನ್ನ ಸಹೋದ್ಯೋಗಿಗಳ ಮುಖ ನೋಡಿಯೇ ಗೊತ್ತಾಗುತ್ತಿತ್ತು.

ಇಂಗ್ಲೆಂಡಿನಲ್ಲಿ 1997ರಲ್ಲಿ ಮನೆಯ ಮಧ್ಯಮ ಬೆಲೆ ಮಧ್ಯಮ ಸಂಬಳದ ಸುಮಾರು ಮೂರೂವರೆ ಪಟ್ಟು ಇತ್ತು. 2021ರಲ್ಲಿ ಅದು ಒಂಬತ್ತು ಪಟ್ಟು ಮುಟ್ಟಿತು. ಆಮೇಲೆ ಸ್ವಲ್ಪ ಇಳಿದಿದೆ, ನಿಜ. ಆದರೆ ಮೂರೂವರೆ ಎಲ್ಲಿ, ಏಳು ಎಂಟು ಎಲ್ಲಿ? ಈ ನಡುವಿನ ಅಂತರವನ್ನು ತುಂಬುವ ಸಂಸ್ಥೆಗೆ ಅಲ್ಲಿನವರು ‘ಅಪ್ಪ ಅಮ್ಮನ ಬ್ಯಾಂಕ್’ ಎಂದು ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಅಪ್ಪ ಜಮೀನು ಮಾರಿ ಮಗನ ಫ್ಲ್ಯಾಟಿಗೆ ದುಡ್ಡು ಕೊಟ್ಟರೆ ಅದು ಸಂಸಾರದ ಸಹಜ ಧರ್ಮ. ಹದಿನೆಂಟಾದ ಮಕ್ಕಳು ತಮ್ಮ ಕಾಲ ಮೇಲೆ ನಿಲ್ಲಬೇಕು ಎಂದು ಜಗತ್ತಿಗೆಲ್ಲ ಹೇಳಿಕೊಂಡು ಬಂದ ಸಮಾಜದಲ್ಲಿ ಮೂವತ್ತೈದರ ಮಗ ಅಪ್ಪನ ಮುಂದೆ ಕೈಚಾಚುವುದು ಬೇರೆಯದೇ ಮಾತು. ಅಪ್ಪನಿಗೆ ಸ್ವಂತ ಮನೆ ಇಲ್ಲದಿದ್ದರೆ ಕೈಚಾಚಲೂ ಜಾಗವಿಲ್ಲ. ಇಬ್ಬರು ಒಂದೇ ಆಫೀಸಿನಲ್ಲಿ ಒಂದೇ ಸಂಬಳಕ್ಕೆ ದುಡಿಯುತ್ತಿದ್ದರೂ, 1985ರಲ್ಲಿ ಯಾರ ತಂದೆ ಮನೆ ಕೊಂಡಿದ್ದರು ಎಂಬುದೇ ಯಾರು ಮನೆಯೊಡೆಯ, ಯಾರು ಕೊನೆಯವರೆಗೂ ಬಾಡಿಗೆದಾರ ಎಂಬುದನ್ನು ತೀರ್ಮಾನಿಸುತ್ತದೆ. ವಂಶದ ಆಸ್ತಿ ನೋಡಿ ಮನುಷ್ಯನನ್ನು ಅಳೆಯುವ ಪದ್ಧತಿ ನಮಗೆ ಹೊಸದಲ್ಲ. ಅದನ್ನು ಬಿಟ್ಟು ಬಂದೆವು ಎಂದುಕೊಂಡವರ ನಾಡಿನಲ್ಲಿ ಅದು ಹಿಂಬಾಗಿಲಿನಿಂದ ಒಳಗೆ ಬಂದಿದೆ.

ನಾನಿದ್ದ ಬೀದಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಎಂಬತ್ತರ ದಶಕದಲ್ಲಿ ತಮ್ಮೊಬ್ಬರ ಸಂಬಳದ ಮೇಲೆಯೇ ಸಾಲ ಪಡೆದು ಆ ಮನೆ ಕೊಂಡವರು. ‘ಇವತ್ತು ಅದೇ ಶಾಲೆಯಲ್ಲಿ ನನ್ನ ಜಾಗಕ್ಕೆ ಬಂದ ಹುಡುಗಿ ಈ ಬೀದಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿಯುವುದೂ ಕಷ್ಟ’ ಎಂದು ಅವರೇ ಹೇಳುತ್ತಿದ್ದರು. ಆ ಹುಡುಗಿ ದಿನಾ ಬೇರೆ ಊರಿನಿಂದ ಬರುತ್ತಾಳೆ. ಸೂಪರ್ ಮಾರ್ಕೆಟ್ಟಿನ ಕ್ಯಾಷಿಯರು ಲೂಟನ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಆ ಶಿಕ್ಷಕಿಯ ಮನೆಗೇ ಬೆಳಿಗ್ಗೆ ಬಂದು ಅವರ ತೊಂಬತ್ತು ದಾಟಿದ ತಾಯಿಗೆ ಸ್ನಾನ ಮಾಡಿಸಿ ಹೋಗುವ ಆರೈಕೆಯ ಹೆಂಗಸು ಸ್ಟೀವನೇಜ್‌ನವಳು. ಬೆಳಿಗ್ಗೆ ಏಳಕ್ಕೆ ನಿಲ್ದಾಣದ ಬಳಿ ನಿಂತರೆ ಎರಡು ಸಾಲು ಕಾಣುತ್ತದೆ: ಊರಿನಲ್ಲಿ ಮಲಗಿ ಎದ್ದವರು ಲಂಡನ್ನಿಗೆ ಹೊರಟಿರುತ್ತಾರೆ, ಊರನ್ನು ನಡೆಸುವವರು ಬೇರೆ ಕಡೆಯಿಂದ ಬಂದು ಇಳಿಯುತ್ತಿರುತ್ತಾರೆ. ಕೊರೊನಾ ನಂತರ ಮೊದಲ ಸಾಲು ಮಂಗಳವಾರದಿಂದ ಗುರುವಾರದವರೆಗೆ ಮಾತ್ರ ಉದ್ದ, ಸೋಮವಾರ ಶುಕ್ರವಾರ ಅವರು ಮನೆಯಲ್ಲೇ ಲ್ಯಾಪ್‌ಟಾಪ್ ತೆರೆಯುತ್ತಾರೆ. ಎರಡನೆಯ ಸಾಲಿಗೆ ಮನೆಯಿಂದ ಕೆಲಸ ಎಂಬುದಿಲ್ಲ.

ಹೀಗೆಂದು ಅದು ಜೀವ ಇಲ್ಲದ ಊರು ಎಂದುಕೊಳ್ಳಬೇಡಿ. ಶನಿವಾರ ಸಂತೆಯಲ್ಲಿ ಜನ ಇರುತ್ತಾರೆ, ಜೂನ್ ಜುಲೈನಲ್ಲಿ ಊರ ಹೊರಗಿನ ಲ್ಯಾವೆಂಡರ್ ಹೊಲಗಳು ನೇರಳೆ ಬಣ್ಣಕ್ಕೆ ತಿರುಗುತ್ತವೆ. ಪಂಜಾಬಿ ಸಿಖ್ಖರು ಹಲವು ದಶಕಗಳಿಂದ ನೆಲೆಸಿದ್ದಾರೆ, ಗುರುದ್ವಾರ ಇದೆ. ಮನೆಯ ಅಡುಗೆಯ ನೆನಪು ತಡೆಯಲಾಗದ ದಿನ ಅಲ್ಲಿನ ಲಂಗರಿನ ದಾಲ್ ರೋಟಿ ನನ್ನನ್ನು ಕಾಪಾಡಿದೆ. ಚೆನ್ನೈನಲ್ಲಿರುವ ಓದುಗರಿಗೆ ಒಂದು ವಿಷಯ: ಈ ಊರಿನಲ್ಲಿ 1837ರ ಒಂದು ಶಾಲಾ ಕೊಠಡಿಯನ್ನು ಮ್ಯೂಸಿಯಂ ಮಾಡಿ ಉಳಿಸಿಕೊಂಡಿದ್ದಾರೆ. ಒಬ್ಬ ಮೇಷ್ಟ್ರು, ನೂರಾರು ಮಕ್ಕಳು, ದೊಡ್ಡ ಮಕ್ಕಳೇ ಚಿಕ್ಕವರಿಗೆ ಪಾಠ ಹೇಳಿಕೊಡುವ ಪದ್ಧತಿ. ಇಂಥ ಪದ್ಧತಿಯನ್ನು ಮದ್ರಾಸಿನ ಎಗ್ಮೋರ್‌ನ ಅನಾಥಾಲಯದಲ್ಲಿ ನಡೆಸಿ, ನಂತರ ಇಂಗ್ಲೆಂಡಿನಲ್ಲಿ ಪ್ರಚಾರ ಮಾಡಿದವರು ಆಂಡ್ರ್ಯೂ ಬೆಲ್. ಅಲ್ಲಿನ ಮಕ್ಕಳು ಮರಳಿನ ಮೇಲೆ ಅಕ್ಷರ ಬರೆದು ಕಲಿಯುವುದನ್ನು ನೋಡಿ ಅವರಿಗೆ ಇದು ಹೊಳೆಯಿತಂತೆ, ‘ಮದ್ರಾಸ್ ಪದ್ಧತಿ’ ಎಂದೇ ಅದಕ್ಕೆ ಹೆಸರಾಯಿತು. ಹಿಚಿನ್‌ನ ಶಾಲೆ ಅವರ ಪ್ರತಿಸ್ಪರ್ಧಿ ಜೋಸೆಫ್ ಲ್ಯಾಂಕಾಸ್ಟರ್ ಅವರ ಮಾದರಿಯದ್ದು. ಬೆಂಚುಗಳ ಸಾಲಿನ ನಡುವೆ ನಿಂತಾಗ ನಮ್ಮ ಕಡೆಯ ಮರಳಿನ ವಾಸನೆ ಬಂದಂತಾಯಿತು ಎಂದು ಬರೆದರೆ ಅತಿಯಾಗುತ್ತದೆ, ಖುಷಿಯಂತೂ ಆಯಿತು.

ಮನೆ ಕೊಳ್ಳುವ ವಿಧಾನವೂ ವಿಚಿತ್ರ. ‘ಬಿಳಿ ಎಷ್ಟು, ಕಪ್ಪು ಎಷ್ಟು’ ಎಂಬ ಮಾತು ಅಲ್ಲಿ ಬರುವುದಿಲ್ಲ, ಅದಕ್ಕೆ ಅವರಿಗೆ ಕೈ ಮುಗಿಯಬೇಕು. ಆದರೆ ಬೆಲೆ ಒಪ್ಪಿದ ಮೇಲೂ ಕರಾರು ಪತ್ರ ಅದಲುಬದಲಾಗುವವರೆಗೆ, ಅಂದರೆ ತಿಂಗಳುಗಟ್ಟಲೆ, ಯಾರು ಬೇಕಾದರೂ ಹಿಂದೆ ಸರಿಯಬಹುದು. ನಾನು ನಿಮ್ಮ ಮನೆ ಕೊಳ್ಳಬೇಕಾದರೆ ನೀವು ಇನ್ನೊಬ್ಬರ ಮನೆ ಕೊಳ್ಳಬೇಕು, ಅವರು ಮತ್ತೊಬ್ಬರದ್ದು. ಇದಕ್ಕೆ ‘ಸರಪಳಿ’ ಎನ್ನುತ್ತಾರೆ. ಎಲ್ಲೋ ಒಂದು ಕೊಂಡಿ ಕಳಚಿದರೆ ಐದು ಸಂಸಾರಗಳ ಪೆಟ್ಟಿಗೆ ಕಟ್ಟಿದ್ದು ಕಟ್ಟಿದಂತೆ ಉಳಿಯುತ್ತದೆ, ವಕೀಲರ ಮತ್ತು ಸರ್ವೇಯವರ ಶುಲ್ಕ ಹೋದದ್ದು ಹೋಯಿತು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ಇಂಗ್ಲೆಂಡಿನಲ್ಲಿ ಹುಟ್ಟಿದ್ದರೆ ‘ಮನೆ ಕೊಂಡು ನೋಡು’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಇನ್ನು ಮನೆಗಂದಾಯ: ಇಂದಿಗೂ ಅದನ್ನು ಲೆಕ್ಕ ಹಾಕುವುದು 1991ರ ಏಪ್ರಿಲ್ 1ರಂದು ಆ ಮನೆಗೆ ಎಷ್ಟು ಬೆಲೆ ಇತ್ತು ಎಂಬುದರ ಮೇಲೆ. ಮೂವತ್ತು ವರ್ಷದಲ್ಲಿ ಎಷ್ಟೋ ಪಟ್ಟು ಏರಿದ ಆಸ್ತಿಯ ಮೇಲಿನ ತೆರಿಗೆಗೆ ಆ ಏರಿಕೆಯೇ ಕಾಣುವುದಿಲ್ಲ. ಮುಟ್ಟಲು ಯಾವ ಸರ್ಕಾರಕ್ಕೂ ಧೈರ್ಯ ಬಂದಿಲ್ಲ.

ಬೇಡಿಕೆ ಇದ್ದಮೇಲೆ ಹೆಚ್ಚು ಮನೆ ಕಟ್ಟಬಹುದಲ್ಲ ಎಂದು ನೀವು ಕೇಳಬಹುದು. ಅಲ್ಲಿ 1947ರ ಕಾಯ್ದೆಯ ನಂತರ ಸ್ವಂತ ಜಮೀನಿನಲ್ಲೂ ಅನುಮತಿ ಇಲ್ಲದೆ ಕಟ್ಟುವಂತಿಲ್ಲ. 1955ರಿಂದ ನಗರಗಳ ಸುತ್ತ ‘ಗ್ರೀನ್ ಬೆಲ್ಟ್’ ವಿಸ್ತರಿಸಿತು. ಇಂಗ್ಲೆಂಡಿನ ನೆಲದ ಎಂಟನೇ ಒಂದು ಭಾಗದಷ್ಟು ಈಗ ಅದರಡಿ ಇದೆ. ಹಿಚಿನ್ ಸುತ್ತ ಅದು ಒತ್ತಾಗಿಯೇ ಇದೆ. ಬೆಂಗಳೂರಿನ ಕೆರೆಗಳ ಗತಿ ಕಂಡವನು ನಾನು, ಗ್ರೀನ್ ಬೆಲ್ಟನ್ನು ಹೀಗಳೆಯಲು ನನ್ನ ಬಾಯಿ ಏಳುವುದಿಲ್ಲ. ಊರಿನ ಅಂಚಿನಲ್ಲಿ ಹೆಜ್ಜೆ ಇಟ್ಟರೆ ಹೊಲ, ಕಾಲುದಾರಿ, ಕುರಿ. ಲಂಡನ್ ಅಲ್ಲಿಯವರೆಗೆ ಹರಿದು ಬಂದು ನುಂಗಲಿಲ್ಲ ಎಂಬುದು ಸಣ್ಣ ಸಾಧನೆಯಲ್ಲ. ಆದರೆ ಬೇಲಿ ಹಾಕಿದವರು ಬೇಲಿಯೊಳಗೆ ಮನೆ ಕಟ್ಟುವ ಕೆಲಸವನ್ನೂ ನಿಲ್ಲಿಸಿಬಿಟ್ಟರು, ಅಲ್ಲೇ ಎಡವಟ್ಟಾಯಿತು. 1980ರ ಸುಮಾರಿಗೆ ದೇಶದ ಮೂರನೇ ಒಂದು ಭಾಗದಷ್ಟು ಸಂಸಾರಗಳು ಸ್ಥಳೀಯ ಸಂಸ್ಥೆಗಳ ಬಾಡಿಗೆ ಮನೆಗಳಲ್ಲಿದ್ದವು. ಆ ವರ್ಷ ಥ್ಯಾಚರ್ ಸರ್ಕಾರ ಬಾಡಿಗೆದಾರರಿಗೆ ಆ ಮನೆಗಳನ್ನು ರಿಯಾಯಿತಿಯಲ್ಲಿ ಕೊಳ್ಳುವ ಹಕ್ಕು ಕೊಟ್ಟಿತು. ಕೊಂಡವರಿಗೆ ಒಳ್ಳೆಯದೇ ಆಯಿತು. ಮಾರಿದಷ್ಟು ಮನೆಗಳನ್ನು ಮತ್ತೆ ಕಟ್ಟಲಿಲ್ಲ, ಅವರ ಮಕ್ಕಳಿಗೆ ಉಳಿದದ್ದು ಖಾಸಗಿ ಬಾಡಿಗೆ. ಹಿಚಿನ್ ಇರುವ ನಾರ್ತ್ ಹರ್ಟ್‌ಫರ್ಡ್‌ಶೈರ್ ತಾಲ್ಲೂಕಿನ ಅಭಿವೃದ್ಧಿ ಯೋಜನೆಯನ್ನು 2017ರಲ್ಲಿ ಪರಿಶೀಲನೆಗೆ ಸಲ್ಲಿಸಿ, ಅದು ಜಾರಿಗೆ ಬಂದದ್ದು 2022ರ ನವೆಂಬರಿನಲ್ಲಿ. ಐದು ವರ್ಷದಲ್ಲಿ ಹೈಸ್ಕೂಲಿಗೆ ಸೇರಿದ ಹುಡುಗ ಕಾಲೇಜು ಮೆಟ್ಟಿಲು ಹತ್ತಿರುತ್ತಾನೆ. ಈಗಿನ ಲೇಬರ್ ಸರ್ಕಾರ ಐದು ವರ್ಷದಲ್ಲಿ 15 ಲಕ್ಷ ಮನೆ ಎಂದು ಘೋಷಿಸಿ ಗ್ರೀನ್ ಬೆಲ್ಟಿನ ನಿಯಮಗಳನ್ನು 2024ರ ಡಿಸೆಂಬರಿನಲ್ಲಿ ಒಂದಷ್ಟು ಸಡಿಲಿಸಿದೆ.

ಆದರೆ ಬರೀ ಹೆಚ್ಚು ಕಟ್ಟಿದರೆ ಮುಗಿಯುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಅಲ್ಲಿ ಹೊಲದ ಬೆಲೆ ಹೆಕ್ಟೇರಿಗೆ ಇಪ್ಪತ್ತು ಇಪ್ಪತ್ತೈದು ಸಾವಿರ ಪೌಂಡ್. ಅದೇ ಹೊಲಕ್ಕೆ ಮನೆ ಕಟ್ಟುವ ಅನುಮತಿ ಸಿಕ್ಕ ದಿನ ಬೆಲೆ ಹತ್ತಾರು ಪಟ್ಟು, ಲಂಡನ್ನಿನ ಸುತ್ತ ಇನ್ನೂ ಹೆಚ್ಚು. ಒಂದು ಸಹಿ. ಹೊಲದೊಡೆಯ ಒಂದು ಇಟ್ಟಿಗೆಯನ್ನೂ ಇಟ್ಟಿರುವುದಿಲ್ಲ, ರೈಲು ಹಾಕಿದ್ದೂ ಅವನಲ್ಲ. ಈ ಏರಿಕೆ ಯಾರಿಗೆ ಸೇರಬೇಕು? ಮನೆ ಬೆಲೆಯ ಜಗಳದಲ್ಲಿ ಕೇಳಬೇಕಾದ ಪ್ರಶ್ನೆ ಇದೇ, ಜನ ಕೇಳದೆ ಬಿಡುವ ಪ್ರಶ್ನೆಯೂ ಇದೇ. ಇದಕ್ಕೆ ಉತ್ತರ ಹುಡುಕಿದ ಎರಡು ಊರುಗಳು ಹಿಚಿನ್‌ನ ಅಕ್ಕಪಕ್ಕದಲ್ಲೇ ಇವೆ, ರೈಲಿನಲ್ಲಿ ತಲಾ ಒಂದೇ ನಿಲ್ದಾಣದ ದೂರ. ನನ್ನ ಎರಡು ವರ್ಷದಲ್ಲಿ ನಾನು ಹೆಚ್ಚು ಕಲಿತದ್ದು ಈ ಎರಡು ನಿಲ್ದಾಣಗಳಲ್ಲಿ ಇಳಿದು ಓಡಾಡಿ.

ದಕ್ಷಿಣಕ್ಕೆ ಸ್ಟೀವನೇಜ್. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ದೇಶದ ಮೊದಲ ‘ನ್ಯೂ ಟೌನ್’ ಎಂದು ಗುರುತಾದ ಊರು. ಸರ್ಕಾರಿ ನಿಗಮವೊಂದು ಹೆಚ್ಚುಕಡಿಮೆ ಹೊಲದ ಬೆಲೆಗೇ ನೆಲ ತೆಗೆದುಕೊಂಡು, ಲಂಡನ್ನಿನ ಬಾಂಬು ಬಿದ್ದ ಬೀದಿಗಳ ಜನರಿಗೆ ಬಾಡಿಗೆ ಮನೆ, ಶಾಲೆ, ಕಾರ್ಖಾನೆ ಕಟ್ಟಿಸಿತು. ಹಳೆಯ ಊರಿನವರು ಸಿಟ್ಟಾಗಿ, ಮಂತ್ರಿ ಲೂಯಿಸ್ ಸಿಲ್ಕಿನ್ ಅವರನ್ನು ಸ್ಟಾಲಿನ್‌ಗೆ ಹೋಲಿಸಿ ನಿಲ್ದಾಣದ ಫಲಕವನ್ನೇ ‘ಸಿಲ್ಕಿನ್‌ಗ್ರಾಡ್’ ಎಂದು ಬದಲಾಯಿಸಿದ್ದರು. ಅಲ್ಲೇ ಬಾಲ್ಯ ಕಳೆದ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ ಕೂಡ ವಿರೋಧಿಸಿದವರೇ. ಸ್ಟೀವನೇಜ್‌ಗೆ ಇವತ್ತು ಹಿಚಿನ್‌ನ ಅಂದವಿಲ್ಲ, ಪೇಟೆ ಬೀದಿ ಸಿಮೆಂಟಿನದ್ದು. ಲಂಡನ್ನಿಗೆ ಇನ್ನೂ ಹತ್ತಿರವಾದರೂ ಮನೆ ಬೆಲೆ ಹಿಚಿನ್‌ಗಿಂತ ಕಡಿಮೆ. ಹಳೆಯ ಚರ್ಚು, ಹಳೆಯ ಸಂತೆ, ಒಳ್ಳೆಯದೆಂದು ಹೆಸರಾದ ಶಾಲೆ ಇವುಗಳಿಗೂ ಜನ ದುಡ್ಡು ಕೊಡುತ್ತಾರೆ ಎಂದಾಯಿತು. ಹಿಚಿನ್‌ನವರು ಸ್ಟೀವನೇಜ್ ಹೆಸರು ಕೇಳಿದರೆ ಮೂಗು ಮುರಿಯುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಆ ಶಿಕ್ಷಕಿಯ ತಾಯಿಗೆ ಬೆಳಿಗ್ಗೆ ಸ್ನಾನ ಮಾಡಿಸಲು ಯಾರಾದರೂ ಬರುತ್ತಿದ್ದರೆ ಅದು ಸ್ಟೀವನೇಜ್ ಇದ್ದದ್ದರಿಂದ.

ಇನ್ನೊಂದು ಲೆಚ್‌ವರ್ತ್. ಎಬೆನೇಜರ್ ಹೊವಾರ್ಡ್ ಎಂಬ ಶೀಘ್ರಲಿಪಿಕಾರ 1898ರಲ್ಲಿ ಒಂದು ಪುಸ್ತಕ ಬರೆದರು. ಹೊಲದ ಬೆಲೆಗೆ ನೆಲ ಕೊಳ್ಳಿ, ಊರು ಕಟ್ಟಿ, ಆದರೆ ನೆಲವನ್ನು ಮಾರಬೇಡಿ. ಊರು ಬೆಳೆದಂತೆ ನೆಲದ ಬಾಡಿಗೆ ಏರುತ್ತದೆ, ಆ ದುಡ್ಡು ಊರಿಗೇ ಬರಲಿ. ಇಷ್ಟೇ ಅವರ ಯೋಚನೆ. 1903ರಲ್ಲಿ ಸುಮಾರು 3,800 ಎಕರೆ ಕೊಂಡು ಲೆಚ್‌ವರ್ತ್ ಗಾರ್ಡನ್ ಸಿಟಿ ಆರಂಭಿಸಿದರು. 1960ರ ಸುಮಾರಿಗೆ ನೆಲದ ಬೆಲೆ ಏರಿದ್ದನ್ನು ಕಂಡ ಹೊರಗಿನ ಕಂಪನಿಯೊಂದು ಷೇರು ಕೊಂಡು ಇಡೀ ಊರನ್ನೇ ತನ್ನದಾಗಿಸಿಕೊಳ್ಳಲು ನೋಡಿತು. ಊರಿನವರು ಹೋರಾಡಿ 1962ರಲ್ಲಿ ಸಂಸತ್ತಿನಿಂದ ಕಾಯ್ದೆ ಮಾಡಿಸಿ ಆಸ್ತಿಯನ್ನು ಸಾರ್ವಜನಿಕ ನಿಗಮಕ್ಕೆ ಸೇರಿಸಿದರು. 1995ರಿಂದ ಅದು ಒಂದು ಪ್ರತಿಷ್ಠಾನದ ಕೈಯಲ್ಲಿದೆ. ಅಂಗಡಿ, ಕಾರ್ಖಾನೆ ಶೆಡ್ಡು, ಹೊಲಗಳ ಬಾಡಿಗೆ ಬರುತ್ತದೆ. ಊರಿನ ಸಿನಿಮಾ ಮಂದಿರ, ಚಿಕಿತ್ಸಾ ಕೇಂದ್ರಗಳಿಗೆ ಹೋಗುತ್ತದೆ. ಪೂರ್ತಿ ಗೆದ್ದರು ಎಂದು ಹೇಳಲಾರೆ. 1967ರ ಕಾಯ್ದೆಯಿಂದ ಗುತ್ತಿಗೆ ಮನೆಯವರಿಗೆ ಕೆಳಗಿನ ನೆಲವನ್ನೂ ಕೊಂಡುಬಿಡುವ ಹಕ್ಕು ಸಿಕ್ಕಿತು, ವಾಸದ ಮನೆಗಳ ಬೆಲೆ ಏರಿಕೆ ಅಲ್ಲಿಂದ ಪ್ರತಿಷ್ಠಾನದ ಕೈ ತಪ್ಪಿತು. ಇಂದು ಲೆಚ್‌ವರ್ತ್‌ನಲ್ಲೂ ಮನೆ ದುಬಾರಿಯೇ. ಆದರೂ ಊರು ಬೆಳೆದಾಗ ಊರಿಗೆ ಒಂದಷ್ಟು ಬರುತ್ತದೆ. ಹಿಚಿನ್‌ನಲ್ಲಿ ಅಂಥ ಬಾಡಿಗೆ ಹೋಗುವುದು ಅಂಗಡಿಗಳ ಮಾಲೀಕರಿಗೆ, ಅವರು ಎಲ್ಲಿರುತ್ತಾರೋ.

ಲೆಚ್‌ವರ್ತ್‌ನ ನಂತರ ಹೊವಾರ್ಡ್ ಕಟ್ಟಿದ ವೆಲ್ವಿನ್ ಗಾರ್ಡನ್ ಸಿಟಿಯಲ್ಲೇ ಇಂದು ಟೆಸ್ಕೊದ ಮುಖ್ಯ ಕಚೇರಿ ಇದೆ, ಆ ಕಂಪನಿಯ ದೊಡ್ಡ ಕೇಂದ್ರವೊಂದು ಬೆಂಗಳೂರಿನಲ್ಲಿದೆ. ಈ ರೈಲು ಮಾರ್ಗದ ನಿಲ್ದಾಣಗಳಲ್ಲಿ ಕನ್ನಡ ಕೇಳಿಸುವುದು ಅಪರೂಪವಲ್ಲ. ಹಾಗೆ ಸಿಕ್ಕ ನಮ್ಮವರ ಮಾತು ಎರಡೇ ನಿಮಿಷದಲ್ಲಿ ತಿರುಗುವುದು ಊರಿನ ಸೈಟಿನ ಕಡೆಗೆ. ಎಷ್ಟಿತ್ತು, ಈಗ ಎಷ್ಟಾಯಿತು. ಪುಣೆಯ ಸಂಘದಲ್ಲೂ ಇದೇ ಮಾತು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಾಗ ಜಮೀನಿನ ಬೆಲೆ ಏರುತ್ತದೆ ಎಂಬುದನ್ನೇ ದೊಡ್ಡ ಲಾಭವೆಂದು ಹೇಳಿದವರಿದ್ದರು. ನಾವು, ಹೊರನಾಡಿನಲ್ಲಿ ಬಾಡಿಗೆ ಮನೆಯಲ್ಲಿದ್ದುಕೊಂಡು ಊರಿನಲ್ಲಿ ಸೈಟು ಇಟ್ಟುಕೊಂಡವರು, ಈ ಆಟದಲ್ಲಿ ಎರಡೂ ಕಡೆ ಆಡುತ್ತೇವೆ. ಹಿಂಜೇವಾಡಿಯಲ್ಲಿ ಬಾಡಿಗೆ ಏರಿದಾಗ ಅನ್ಯಾಯ ಎನ್ನುತ್ತೇವೆ, ತುಮಕೂರು ರಸ್ತೆಯಲ್ಲಿ ನಮ್ಮ ಸೈಟಿನ ದರ ಏರಿದಾಗ ದೇವರ ದಯೆ ಎನ್ನುತ್ತೇವೆ.

ತುಮಕೂರಿನವರೆಗೆ ಮೆಟ್ರೊ ಒಯ್ಯುವ ಮಾತು ನಡೆದಿದೆ, ಉಪನಗರ ರೈಲಿನ ಕೆಲಸ ತೆವಳುತ್ತಿದೆ. ಅವು ಬಂದರೆ ತುಮಕೂರು, ರಾಮನಗರ, ದೊಡ್ಡಬಳ್ಳಾಪುರಗಳು ನಮ್ಮ ಹಿಚಿನ್‌ಗಳಾಗುತ್ತವೆ. ನಿಲ್ದಾಣಗಳ ಸುತ್ತಲಿನ ಒಂದೆರಡು ಕಿಲೋಮೀಟರ್ ನೆಲ ಈಗ ಯಾರ ಹೆಸರಿನಲ್ಲಿದೆ, ಮಾರ್ಗ ಗೊತ್ತಾದ ಮೇಲೆ ಯಾರ ಹೆಸರಿಗೆ ಹೋಗುತ್ತಿದೆ ಎಂದು ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕ ತೆರೆದರೆ ಗೊತ್ತಾಗುತ್ತದೆ. ಅಲ್ಲಿನ ಒಂದು ಪಾಲನ್ನು ಮಾರದೆ, ನಗರಸಭೆಯ ಹೆಸರಿನಲ್ಲೇ ಇಟ್ಟುಕೊಂಡು, ಮನೆ ಕಟ್ಟಿಸಿ ಪೌರಕಾರ್ಮಿಕರಿಗೆ, ನರ್ಸುಗಳಿಗೆ, ಅಂಗನವಾಡಿ ಟೀಚರುಗಳಿಗೆ ಬಾಡಿಗೆಗೆ ಕೊಡಬಹುದು. ಹಳಿ ಬೀಳುವ ಮೊದಲು ಮಾಡಿದರೆ ಅದು ಹೊಲದ ಬೆಲೆಗೆ ಆಗುತ್ತದೆ. ಮೊದಲ ರೈಲು ಓಡಿದ ಮೇಲೆ ಯಾವ ನಗರಸಭೆಯ ಬಜೆಟ್ಟಿಗೂ ಅದು ಎಟುಕುವುದಿಲ್ಲ.